ಉಗುರು ಕಚ್ಚಿದ ರಂಪಿಗೆ

ಜಯನಗರದ ಚರ್ಮಗೆಲಸದ ತರಗತಿಯಲ್ಲಿ ರವಿಕಿರಣ್ ಮೇಷ್ಟ್ರದು ಒಂದೇ ನಿಯಮ: ಇಪ್ಪತ್ತೆರಡು ಸಲಕರಣೆಗಳ ವಿದೇಶಿ ಪೆಟ್ಟಿಗೆ ಕೊಳ್ಳದವರಿಗೆ ಮುಂದಿನ ಭಾನುವಾರ ಪ್ರವೇಶವಿಲ್ಲ. ಪೆಟ್ಟಿಗೆ ಅವರಲ್ಲೇ ಸಿಗುತ್ತಿತ್ತು.

ಬಿಟಿಎಂನ ಮಧುಮತಿ ಆ ಭಾನುವಾರ ಎರಡೇ ಸಲಕರಣೆ ತಂದಳು. ಎರಡೂ ಸಿದ್ದಾಪುರದ ಚಪ್ಪಲಿ ಹೊಲಿಯುವವರಲ್ಲಿ ಆರಿಸಿದ್ದು: ಚರ್ಮ ಕೊಯ್ಯುವ ರಂಪಿಗೆ, ಹೊಲಿಯುವ ದಬ್ಬಳ.

"ಏನ್ ಮೇಡಂ, ಫುಟ್‌ಪಾತ್ ಮಾಲಾ?" ಎಂದು ಮೇಷ್ಟ್ರು ನಕ್ಕರು.

"ಉಗುರಿನ ಮ್ಯಾಲೆ ಇಟ್ಟು ನೋಡೇ ತಗೊಂಡೀನ್ರಿ. ಜಾರಿದ್ರ ಮೊಂಡ, ಕಚ್ಚಿದ್ರ ಹರಿತ." ರಂಪಿಗೆ ಅವಳ ಹೆಬ್ಬೆರಳಿನ ಉಗುರನ್ನು ಕಚ್ಚಿ ನಿಂತಿತು. "ಈಗ ನಿಮ್ದು ಇಡ್ರಿ."

ಪೆಟ್ಟಿಗೆಯ ಹೊಸ ಚಾಕು ಮೇಷ್ಟ್ರ ಉಗುರಿನಿಂದ ನುಣ್ಣಗೆ ಜಾರಿತು.

"ಆದ್ರೂ ರೂಲ್ಸ್ ಅಂದ್ರೆ ರೂಲ್ಸ್, ಮೇಡಂ."

ಮಧುಮತಿ ಮೊದಲ ಸಾಲಿನಲ್ಲೇ ಕೂತು ಚರ್ಮ ಹಾಸಿದಳು. "ನಾ ಏಳಂಗಿಲ್ರಿ. ಪಾಠ ಶುರು ಮಾಡ್ರಿ."

ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರೇ ತಮ್ಮ ಚಾಕುಗಳನ್ನು ಉಗುರಿಗೆ ಹಿಡಿಯತೊಡಗಿದ್ದರು.