ಮಾರ್ಗರೆಟ್ ಬರೆದ ಬಾಯಿಗಳು

ಮಾರ್ಗರೆಟ್ ಬಳಿ ತಾವು ಕಾರ್ಟೂನ್ ಸ್ಟುಡಿಯೋದಲ್ಲಿ ದುಡಿದದ್ದಕ್ಕೆ ಸಾಕ್ಷಿಯಾಗಿ ಒಂದು ಚೂರು ಕಾಗದವೂ ಇರಲಿಲ್ಲ. ಇದ್ದದ್ದು ಒಂದು ಡಬ್ಬಿ ಫಿಲ್ಮು.

ಟಿವಿ ಹೊಸದಾಗಿದ್ದ ಕಾಲ. ಲಾಸ್ ಏಂಜಲೀಸಿನ ಆ ಪುಟ್ಟ ಸ್ಟುಡಿಯೋ ವಾರಕ್ಕೊಂದು ಕಂತು ಮುಗಿಸಬೇಕು. ಅಷ್ಟು ಚಿತ್ರ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಕಾರ್ಟೂನಿನ ನಾಯಕ ಕರಡಿಯ ಮೈಯನ್ನು ಒಂದೇ ಸಲ ಬರೆದು, ಮೇಲಿಡುವ ಪಾರದರ್ಶಕ ಹಾಳೆಯಲ್ಲಿ ಬಾಯಿ ಮಾತ್ರ ಬದಲಿಸುತ್ತಿದ್ದರು. ಆ ಬಾಯಿಗಳನ್ನು ಬರೆದವರು ಇಪ್ಪತ್ತರ ಮಾರ್ಗರೆಟ್. ಸ್ಟುಡಿಯೋ ಮುಚ್ಚಿದ ದಿನ ಹಾಳೆಗಳೆಲ್ಲ ಕಸಕ್ಕೆ ಹೋದವು. ಅವರು ಒಂದು ಕಂತಿನ ಫಿಲ್ಮನ್ನು ಚೀಲಕ್ಕೆ ತುರುಕಿಕೊಂಡು ಬಂದರು.

ದಶಕಗಳ ನಂತರ, ಮುಪ್ಪಿನಲ್ಲಿ ಅವರು ನೆಲೆಸಿದ್ದ ಮರ್ಸರ್ ಐಲ್ಯಾಂಡಿನಲ್ಲಿ ಪಕ್ಕದ ಮನೆಯವಳು ಮೈಸೂರಿನ ಯಾಮಿನಿ, ಸಾಫ್ಟ್‌ವೇರಿನವಳು. ಫಿಲ್ಮನ್ನು ಫ್ರೇಮು ಫ್ರೇಮಾಗಿ ಸ್ಕ್ಯಾನ್ ಮಾಡಿಸಿದಳು. ಹಳೆಯ ಫಿಲ್ಮು ಕೆಟ್ಟು ವಿನಿಗರ್ ನಾರುತ್ತಿತ್ತು, ಮುಟ್ಟಿದರೆ ಮುರಿಯುತ್ತಿತ್ತು. ‘ಇನ್ನು ಬಿಸಾಕಿ, ಸ್ಕ್ಯಾನ್ ಇದೆಯಲ್ಲ’ ಎಂದವಳೂ ಅವಳೇ. ಮಾರ್ಗರೆಟ್ ಬಿಸಾಕಿದರು.

ಆಮೇಲೆ ಯಾಮಿನಿಯ ಡಿಸ್ಕ್ ತುಂಬಿತು. ಆಫೀಸಿನಲ್ಲಿ ಫೋಟೋಗಳಿಗೆ ಮಾಡುವಂತೆ, ಒಂದೇ ತರಹದ ಚಿತ್ರಗಳಲ್ಲಿ ಒಂದನ್ನುಳಿಸಿ ಮಿಕ್ಕದ್ದನ್ನು ಅಳಿಸುವ ಪ್ರೋಗ್ರಾಮ್ ಓಡಿಸಿದಳು. ತೊಂಬತ್ತೆಂಟು ಪರ್ಸೆಂಟ್ ಹೋಲಿಕೆ ಇದ್ದರೆ ಸಾಕು, ಅಳಿಸು ಎಂದು ಬರೆದಿದ್ದಳು. ಎರಡು ತಿಂಗಳು ತೆರೆದೂ ನೋಡಲಿಲ್ಲ.

ಒಂದು ಭಾನುವಾರ ಫ್ರೇಮುಗಳನ್ನು ವಿಡಿಯೋ ಆಗಿ ಜೋಡಿಸಿದರೆ, ಐದು ನಿಮಿಷದ ಕಂತು ಹದಿನಾಲ್ಕು ಸೆಕೆಂಡಿಗೆ ಮುಗಿಯಿತು.

“ಏನೇ, ನಿನ್ನ ಕರಡಿ ಮೌನವ್ರತ ಹಿಡಿದಿದ್ಯಾ?” ಗಂಡ ಸುಮುಖ್ ನಕ್ಕ. ಅವಳ ಮುಖ ನೋಡಿ ನಿಲ್ಲಿಸಿದ. “ಬ್ಯಾಕಪ್?”

“ಆನ್‌ಲೈನ್ ಬ್ಯಾಕಪ್‌ನಲ್ಲಿ ಅಳಿಸಿದ್ದನ್ನ ಮೂವತ್ತು ದಿನ ಇಟ್ಟಿರ್ತಾರೆ ಅಷ್ಟೆ ಕಣೋ. ಮುಗೀತು.”

“ಸ್ಕ್ಯಾನರ್ ಕೈಕೊಡ್ತು ಅಂತ ಹೇಳ್ಬಿಡು. ಎಂಬತ್ತೆಂಟು ವರ್ಷ, ಅವರಿಗೇನ್ ಗೊತ್ತಾಗುತ್ತೆ?”

“ಫಿಲ್ಮ್ ಬಿಸಾಕಿ ಅಂದಿದ್ದು ಯಾರು, ಸ್ಕ್ಯಾನರಾ?”

ಆದರೂ ಅದೇ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೇ ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಗೆ ಹೋದಳು. ಮಾರ್ಗರೆಟ್ ಲಿಪ್‌ಸ್ಟಿಕ್ ಹಚ್ಚಿಕೊಂಡು ಕಾಯುತ್ತಿದ್ದರು. ಎರಡು ಸಲ ಹಾಕಿಸಿಕೊಂಡು ನೋಡಿದರು.

“ನನ್ನ ಬಾಯಿಗಳೆಲ್ಲಿ?”

ಸುಳ್ಳು ಹೊರಡಲಿಲ್ಲ. “ನಾನೇ ಅಳಿಸಿದೆ. ಎಲ್ಲ ಒಂದೇ ಚಿತ್ರ ಅಂದುಕೊಂಡೆ.”

“ನಮ್ಮ ಬಾಸೂ ಹಾಗೇ ಅನ್ನುತ್ತಿದ್ದ. ಅದಕ್ಕೇ ಕಂತಿನ ಕೊನೆಯಲ್ಲಿ ನಮ್ಮ ಹೆಸರು ಹಾಕಲಿಲ್ಲ.” ಮಾರ್ಗರೆಟ್ ಲ್ಯಾಪ್‌ಟಾಪ್ ಮುಚ್ಚಿದರು. “ಎಷ್ಟು ಹೋದವು?”

ಲೆಕ್ಕ ಯಾಮಿನಿಗೆ ಗೊತ್ತಿತ್ತು. ಪ್ರೋಗ್ರಾಮೇ ಬರೆದಿಟ್ಟಿತ್ತು. “ಆರು ಸಾವಿರದ ಎಂಟುನೂರ ಐವತ್ತೊಂಬತ್ತು ಫ್ರೇಮು,” ಎಂದಳು.