ಬಿಳಚಿಕೊಂಡ ಬೋರಮಾಳ

ನೀಲಾಬಾಯಿ ಅತ್ತೆಯ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಔಷಧದ ಹನಿ ಬಿಟ್ಟಳು. ಕೆನ್ನೆಗೆ ಇಳಿದದ್ದನ್ನು ಹತ್ತಿಯಿಂದ ಒರೆಸಿದಳು. ಅತ್ತೆ ಶಿವಕಾಂತಮ್ಮ ಮುಖ ಆಚೆ ತಿರುಗಿಸಿದಳು. ಮೂಗಿನ ಮೇಲೆ ಚಾಳೀಸು ಬಂದ ದಿನದಿಂದ ಆಕೆಗೆ ಸೊಸೆಯ ಕೈಯ ಔಷಧ ಬೇಕಿತ್ತು, ಮಾತು ಬೇಡವಾಗಿತ್ತು.

ಚಿತ್ತಾಪುರದ ಕಣ್ಣಿನ ಶಿಬಿರದಲ್ಲಿ ಮುದುಕಿಯ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿನದು ಇನ್ನೂ ಹಾಗೇ ಇತ್ತು. ಶಿಬಿರಕ್ಕೆ ಹೊರಡುವಾಗ ಕೊರಳಿನ ಬಂಗಾರದ ಗುಂಡಿನ ಸರ, ಬೋರಮಾಳ, ಬಿಚ್ಚಿ ಸೊಸೆಯ ಕೈಗೆ ಕೊಟ್ಟಿದ್ದಳು. ದಪ್ಪ ಗಾಜಿನ ಚಾಳೀಸು ಹಾಕಿಕೊಂಡ ದಿನವೇ ಅದನ್ನು ಕೇಳಿ ಪಡೆದು, ಅಂಗಳದ ಬೆಳಕಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದಳು.

"ಇದು ನಂದಲ್ಲ."

"ನಿಮ್ದೇ ಅತ್ತಿ. ನೀವು ಕೊಟ್ಟಾಂಗೇ ಸಂದೂಕದಾಗ ಇಟ್ಟಿದ್ದೆ."

"ನಂದು ಕೆಂಡದಂಥಾ ಬಂಗಾರ. ಇದು ನೋಡು, ಬಾಣಂತಿ ಮಾರಿ ಹಂಗ ಬಿಳಚ್ಯದ. ಗುಂಡು ಬ್ಯಾರೆ ದಪ್ಪ ಆಗ್ಯಾವ!"

"ಕಳ್ಳರು ಗುಂಡು ಸಣ್ಣ ಮಾಡ್ತಾರ, ದಪ್ಪ ಮಾಡ್ತಾರೇನ್ರಿ?"

"ಒಳಗ ಟೊಳ್ಳಿದ್ರ ಕುಂಬಳಕಾಯಿ ಅಷ್ಟೂ ಮಾಡ್ಲಿಕ್ಕೆ ಬರ್ತದವ್ವಾ. ನಾ ಇಲ್ಲದಾಗ ನಿನ್ನ ತಮ್ಮ ಸುಮ್ನೇ ಬಂದಿದ್ದನೇನು?"

ತಮ್ಮ ಭೀಮಶ್ಯಾ ತವರೂರು ತೆಂಗಳಿಯಿಂದ ಹಸಿ ಕಡಲೆ ತಂದು ಕೊಟ್ಟು, ಚಹಾ ಕುಡಿದು ಹೋಗಿದ್ದ. ಅಷ್ಟೇ ಈಗ ಅವನ ಕೊರಳಿಗೆ ಉರುಳಾಯಿತು.

ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿಯುವ ಮಗ ಚಂದ್ರಾಮ, ಬಂಗಾರದ ಕೆಲಸದ ಪತ್ತಾರನಿಗೆ ತೋರಿಸೋಣ ಅಂದ. ಅವ್ವ ಎಗರಿಬಿದ್ದಳು: "ಮನಿ ಮರ್ಯಾದಿ ಪತ್ತಾರನ ಕಲ್ಲಿಗೆ ತಿಕ್ಕಬೇಕೇನು? ನಾಳೆ ಸಂಜಿಗೆ ಇಕಿನ್ನ ತೆಂಗಳಿಗೆ ಬಿಟ್ಟು ಬಾ. ನನ್ನ ಬೋರಮಾಳ ತಂದ್ರ ಹೊಸ್ತಿಲ ದಾಟ್ಲಿ."

ಚಂದ್ರಾಮ ಬೋರಮಾಳವನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ನೋಡಿದ. ಅವನ ಆ ಕೈ ತನ್ನನ್ನೂ ತೂಗಿ ನೋಡುತ್ತಿದೆ ಅನ್ನಿಸಿತು ನೀಲಾಬಾಯಿಗೆ.

ಮರುದಿನ ಮಧ್ಯಾಹ್ನ ಹಗ್ಗದ ಮೇಲಿನ ಧೋತರ ನೋಡಿ ಶಿವಕಾಂತಮ್ಮ ಗೋಡೆಗೆ ಹೇಳುವವಳಂತೆ ಬೈದಳು: "ಬಟ್ಟಿಗೆ ಇಷ್ಟ್ಯಾಕ ಸುರೀಬೇಕು ನೀಲಿ? ಇಕಿ ಅಪ್ಪನ ಮನಿಂದ ಬರ್ತದೇನು?"

ನೀಲಾಬಾಯಿ ತಿರುಗಿ ನೋಡಿದಳು. ಧೋತರ ಹಾಲಿನಂತೆ ಬೆಳ್ಳಗಿತ್ತು. ಮನೆಯಲ್ಲಿ ನೀಲಿ ತೀರಿಹೋಗಿತ್ತು. ಆಕೆ ಹಾಕಿಯೇ ಇರಲಿಲ್ಲ.

ಆಗ ಶಿಬಿರದ ಕಂಪೌಂಡರನ ಮಾತು ನೆನಪಾಯಿತು. "ಕಣ್ಣಂದ್ರ ಕತ್ತಲಿ ಖೋಲಿ ಇದ್ದಾಂಗ, ತಂಗಿ. ಮುಂದಿನ ಕಿಂಡ್ಯಾಗ ಒಂದು ಮಣಿ. ಬೆಳಕು ಅದರಾಗ ಹಾಯ್ದು ಹಿಂದಿನ ಪರದೆ ಮ್ಯಾಲ ಚಿತ್ರ ಬೀಳ್ತದ, ತಲಿ ಕೆಳಗ, ಕಾಲು ಮ್ಯಾಗ. ಮಿದುಳು ಅದನ್ನ ನೆಟ್ಟಗ ಮಾಡಿಕೊಳ್ತದ. ನಿಮ್ಮ ಅತ್ತಿ ಮಣಿ ಬೆಲ್ಲದ ಪಾಕ ಆಗಿತ್ತು, ತೆಗದೀವಿ. ಇನ್ನ ಆ ಕೆಲಸಾ ಈ ದಪ್ಪ ಗಾಜೇ ಮಾಡಬೇಕು. ಎಲ್ಲಾ ಒಂಚೂರು ದೊಡ್ಡದಾಗಿ ಕಾಣ್ತಾವ, ಅಂಜಬ್ಯಾಡ್ರಿ."

ಕಾಲು ಮೇಲಾದ ಮಂದಿಯನ್ನು ನೆನೆದು ಆ ಹೊತ್ತು ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಈಗ ನಗು ಬರಲಿಲ್ಲ. ಇಷ್ಟು ವರ್ಷ ಅತ್ತೆ ಬಂಗಾರ ನೋಡಿದ್ದು ಬೆಲ್ಲದ ಪಾಕದೊಳಗಿಂದ. ಪಾಕ ಹೋಯಿತು, ಕೆಂಪೂ ಹೋಯಿತು; ಬಿಳಿಯದು ನೀಲಿಯಾಯಿತು.

ಸಂಜೆ ಚಂದ್ರಾಮ ಮೈಮೇಲಿನ ಕಲ್ಲಿನ ಧೂಳು ತೊಳೆದು ಉಣ್ಣಲು ಕೂತ. ಬಾಗಿಲ ಬಳಿ ಆಕೆಯ ಬಟ್ಟೆಯ ಗಂಟು ಸಿದ್ಧವಾಗಿತ್ತು, ಕಟ್ಟಿದವಳು ಅತ್ತೆ. ನೀಲಾಬಾಯಿ ಬೋರಮಾಳವನ್ನು ಅತ್ತೆಯ ಮುಂದಿಟ್ಟಳು.

"ಅತ್ತಿ, ಚಾಳೀಸು ತೆಗೀರಿ. ಬಲಗಣ್ಣು ಮುಚ್ಚಿ ಎಡಗಣ್ಣಿಲೆ ನೋಡ್ರಿ, ಅದರಾಗ ಪಾಕ ಇನ್ನೂ ಅದ."

"ಕೇಳಿದೇನೋ ಚಂದ್ರಾಮ? ಕಾಣೂ ಕಣ್ಣು ಮುಚ್ಚಿ ಕುರುಡುಗಣ್ಣಿಲೆ ನೋಡ್ಬೇಕಂತ! ಕಳ್ಳರಿಗೆ ಮತ್ತೇನು ಬೇಕು?" ಮುದುಕಿ ಚಾಳೀಸನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

ನೀಲಾಬಾಯಿ ಗಂಡನ ಕಡೆ ತಿರುಗಿದಳು. ಅವನು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ತಾಟು ನೋಡುತ್ತಿದ್ದ.

"ನೀವಾದ್ರೂ ಹೇಳ್ರಿ, ಒಂದ್ಸಲ ಆ ಕಣ್ಣಿಲೆ ನೋಡಂತ."

ಚಂದ್ರಾಮ ರೊಟ್ಟಿಯನ್ನು ತಾಟಿಗೆ ಹಾಕಿ ಕೈ ತೊಳೆದು, ಬಾಗಿಲ ಬಳಿಯ ಗಂಟನ್ನು ಎತ್ತಿಕೊಂಡ.