ಬಿಗಿ ಮೇಸ್ತ್ರಿಯ ಕೆಂಪು ದಾರ

ಜನರೇಟರ್ ಕೋಣೆಯ ಹೊಸ್ತಿಲು ದಾಟುವ ಮೊದಲೇ ಬಿಗಿ ಮೇಸ್ತ್ರಿ ಮೂಗು ಮುರಿದರು. ಕೋಣೆ ಚೊಕ್ಕಟವಾಗಿತ್ತು, ಅದೇ ಅವರಿಗೆ ಹಿಡಿಸಲಿಲ್ಲ. ನೆಲ ಒರೆಸಿತ್ತು. ಸ್ಪ್ಯಾನರ್‌ಗಳು ಗಾತ್ರದ ಪ್ರಕಾರ ಗೋಡೆಯಲ್ಲಿ ನೇತಾಡುತ್ತಿದ್ದವು. ಮೊಳೆಯೊಂದಕ್ಕೆ ನೋಟ್‌ಬುಕ್ಕು, ನೋಟ್‌ಬುಕ್ಕಿಗೆ ದಾರ ಕಟ್ಟಿದ ಪೆನ್ನು.

“ಇದೇನು ಎಂಜಿನ್ ಓಡಿಸೋ ಜಾಗವೋ, ಆಪರೇಷನ್ ಥಿಯೇಟರೋ? ಎಂಜಿನ್‌ಗೆ ಹೊಟ್ಟೆ ಕುಯ್ತೀರಾ ಅಳಿಯದೇವರೇ?”

ಅಳಿಯ ನಕ್ಕೂ ನಗದಂತೆ ನಿಂತ. ಊರಿನ ಆಸ್ಪತ್ರೆಯ ಜನರೇಟರ್ ಆಪರೇಟರ್ ಅವನು. ಮೇಸ್ತ್ರಿಯ ಒಬ್ಬಳೇ ಮಗಳನ್ನು ಮದುವೆಯಾಗಿ ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಮಾವನ ಬಾಯಿಂದ ಅವನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಉದುರಿರಲಿಲ್ಲ.

ಬಿಗಿ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನಲವತ್ತು ವರ್ಷದಿಂದ ಡೀಸೆಲ್ ಎಂಜಿನ್ನುಗಳ ವೈರಿಂಗ್ ಮಾಡಿದ ಕೈ ಅದು. ಅವರು ಎಳೆದ ವೈರನ್ನು ಮೀಟಿದರೆ ನಾದ ಬರಬೇಕು, ಬೆರಳಷ್ಟೂ ಸಡಿಲ ಇರಕೂಡದು. ಕೊನೆಗೆ ಮೇಣ ಸವರಿದ ಕೆಂಪು ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದರೆ ಅದೇ ಅವರ ರುಜು. ತುದಿಯಲ್ಲಿ ಅಷ್ಟುದ್ದ ವೈರು ಬಿಟ್ಟು ಸುರುಳಿ ಸುತ್ತುವ ಈಗಿನವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. “ಕೈಲಾಗದವರು ಕಣ್ರೀ! ಅಳತೆ ತಪ್ಪುತ್ತೆ ಅಂತ ಮೊದಲೇ ಹೆದರಿ ಉದ್ದ ಬಿಡ್ತಾರೆ” ಎನ್ನುತ್ತಿದ್ದರು.

ಇವತ್ತು ಅವರನ್ನು ಕರೆಸಿದ್ದು ಅಳಿಯನಲ್ಲ, ಆಸ್ಪತ್ರೆಯ ಆಡಳಿತಾಧಿಕಾರಿ. ನಾಲ್ಕು ತಿಂಗಳಿಂದ ಜನರೇಟರ್ ಬೇಕೆಂದಾಗಲೇ ಕೈಕೊಡುತ್ತಿತ್ತು. ಶುರುವಾಗುತ್ತದೆ, ಓಡುತ್ತದೆ, ಇದ್ದಕ್ಕಿದ್ದಂತೆ ಡೀಸೆಲ್ ಬತ್ತಿದ ಹಾಗೆ ಉಸಿರು ಬಿಟ್ಟು ನಿಲ್ಲುತ್ತದೆ. ಫಿಲ್ಟರ್ ಬದಲಾಯಿಸಿದ್ದಾಯಿತು, ಪೈಪಿನ ಗಾಳಿ ತೆಗೆದದ್ದಾಯಿತು, ಪಂಪು ಬಿಚ್ಚಿ ಕಟ್ಟಿದ್ದೂ ಆಯಿತು. ಬಂದ ಮೆಕ್ಯಾನಿಕ್ಕುಗಳೆಲ್ಲ ಅರ್ಧ ಗಂಟೆ ಓಡಿಸಿ, ಸರಿಹೋಯಿತೆಂದು ಕೈತೊಳೆದುಕೊಂಡು ಹೋದರು. ಹೋದ ವಾರ ಮತ್ತೆ ನಿಂತಾಗ ಡಯಾಲಿಸಿಸ್ ಕೋಣೆಯಲ್ಲಿ ನರ್ಸೊಬ್ಬಳು ಯಂತ್ರದ ಹಿಡಿಯನ್ನು ಆರು ನಿಮಿಷ ಕೈಯಿಂದಲೇ ತಿರುಗಿಸಿ ರೋಗಿಯ ರಕ್ತ ಹರಿಯುವಂತೆ ನೋಡಿಕೊಂಡಿದ್ದಳು.

ಅವತ್ತಿನಿಂದ ಆಡಳಿತಾಧಿಕಾರಿಗೆ ಒಂದೇ ಹಟ. ಆಪರೇಟರ್ ಡೀಸೆಲ್ ಕದ್ದು ಮಾರುತ್ತಿದ್ದಾನೆ, ಟ್ಯಾಂಕಿಗೆ ನೀರು ಬೆರೆಸುತ್ತಿದ್ದಾನೆ. ಕೆಲಸದಿಂದ ತೆಗೆಯುವ ಪತ್ರ ಟೈಪಾಗಿ ಅಧಿಕಾರಿಯ ಕಂಕುಳಿನ ಫೈಲಿನಲ್ಲಿ ಸಿದ್ಧವಾಗಿ ಕೂತಿತ್ತು. ಹೆಸರಾಂತ ಮೇಸ್ತ್ರಿಯೊಬ್ಬರ ವರದಿ ಜೊತೆಗಿದ್ದರೆ ಮುಗಿಯಿತು. ಅದನ್ನು ಸ್ವಂತ ಮಾವನೇ ಬರೆದುಕೊಟ್ಟರಂತೂ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ ಎಂದು ಆ ಮಹಾನುಭಾವನ ಯೋಚನೆ.

ಬೆಳಿಗ್ಗೆ ಮಗಳು ಫೋನಿನಲ್ಲಿ ಅತ್ತಿದ್ದಳು. “ಅಪ್ಪಾ, ಕಳ್ಳ ಅಂತ ಹೇಳಿ ಆಚೆ ಹಾಕಿದ್ರೆ ಇವರಿಗೆ ಇನ್ನೆಲ್ಲೂ ಕೆಲಸ ಸಿಗಲ್ಲ. ನೀವು ಬೈಯೋದು ಇದ್ದದ್ದೇ. ಇವತ್ತೊಂದು ದಿನ ಅವರ ಮಾತು ಸ್ವಲ್ಪ ಕೇಳಿ.”

ಕಳ್ಳನಂತೆ! ಮೇಸ್ತ್ರಿಗೆ ನಗು ಬಂತು. ಕದಿಯುವುದಕ್ಕೂ ಒಂದು ಧೈರ್ಯ ಬೇಕು, ಅದು ಈ ಪ್ರಾಣಿಗೆಲ್ಲಿಂದ ಬರಬೇಕು? ಅಳಿಯ ದಡ್ಡ, ಅಷ್ಟೇ ಅವರ ತೀರ್ಮಾನ.

ಟ್ಯಾಂಕಿನ ತಳದಿಂದ ಒಂದು ಬಾಟಲಿ ಡೀಸೆಲ್ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ನೀರಿನ ಒಂದು ಹನಿಯೂ ಇಲ್ಲ. “ಕಳ್ಳತನದ ಕಥೆ ಇಲ್ಲಿಗೆ ಮುಗೀತು” ಎಂದು ಗೊಣಗಿದರು. ಡೀಸೆಲ್ ಸರಿಯಿದ್ದರೆ ಉಳಿದದ್ದು ಕರೆಂಟು. ಎಂಜಿನ್ನಿಗೆ ಡೀಸೆಲ್ ಹೋಗುವ ದಾರಿಯಲ್ಲಿ ಸೊಲೆನಾಯ್ಡ್ ಎಂಬ ಮುಷ್ಟಿಗಾತ್ರದ ಸಾಮಾನು ಇರುತ್ತದೆ. ಕರೆಂಟು ಬರುವಷ್ಟು ಹೊತ್ತು ದಾರಿ ತೆರೆದಿರುತ್ತದೆ, ಕರೆಂಟು ತಪ್ಪಿತೋ, ಡೀಸೆಲ್ ಬಂದ್. ಮೇಸ್ತ್ರಿ ಪ್ಯಾನೆಲ್ಲಿನ ಬಾಗಿಲು ತೆರೆದು ಒಳಗೆಲ್ಲ ಕಣ್ಣಾಡಿಸಿ, ಸೊಲೆನಾಯ್ಡಿಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ, ಎಂಜಿನ್ ಶುರು ಮಾಡಿದರು.

ಇಪ್ಪತ್ತು ನಿಮಿಷ ಓಡಿತು. ಲ್ಯಾಂಪು ನಿಗಿನಿಗಿ ಉರಿಯುತ್ತಲೇ ಇತ್ತು.

“ಮಾವ,” ಅಳಿಯ ಮೆಲ್ಲಗೆ ಹೇಳಿದ, “ಪ್ಯಾನೆಲ್ ಬಾಗಿಲು ಮುಚ್ಚಿ ನೋಡಿ.”

ಮತ್ತೆ ಅದೇ ರಾಗ! ನಾಲ್ಕು ತಿಂಗಳ ಹಿಂದೆ ಮನೆಗೆ ಊಟಕ್ಕೆ ಬಂದವನು ಇದನ್ನೇ ಹೇಳಿದ್ದ, ಬಾಗಿಲು ಮುಚ್ಚಿದರೆ ಎಂಜಿನ್ ನಿಲ್ಲುತ್ತದೆ ಎಂದು. ಮೇಸ್ತ್ರಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಿದ್ದರು. ಆಮೇಲೆ ಒಂದು ತಿಂಗಳು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

“ಯಾಕೆ, ಎಂಜಿನ್‌ಗೆ ಕತ್ತಲು ಅಂದ್ರೆ ಭಯವಾ?” ಎಂದು ಈಗಲೂ ಕೇಳಿದರು. ಪ್ಯಾನೆಲ್ಲಿನ ಪಕ್ಕಕ್ಕೆ ಸರಿಸಿಟ್ಟ ಒಂದು ಇಟ್ಟಿಗೆ ಕಂಡಿತು. “ಇದೇನು, ಪ್ಯಾನೆಲ್‌ಗೆ ತಲೆದಿಂಬಾ?”

“ಬಾಗಿಲು ತೆರೆದೇ ಇರ್ಲಿ ಅಂತ ಇಟ್ಟಿದ್ದೆ. ಹೋದ ವಾರ ತಪಾಸಣೆಯವರು ಬರ್ತಾರೆ ಅಂತ ಸಾಹೇಬ್ರು ತೆಗೆಸಿದ್ರು. ಅವತ್ತೇ ನಿಂತಿದ್ದು.”

ಅಷ್ಟರಲ್ಲಿ ಆ ಆಡಳಿತಾಧಿಕಾರಿ ಸಾಹೇಬನೇ ಬಂದ. ಜನರೇಟರಿನ ತಲೆಬುಡ ತಿಳಿಯದಿದ್ದರೂ ಗೋಡೆಯ ಮೇಲಿನ ಸೂಚನೆಗಳೆಲ್ಲ ಅವನಿಗೆ ಬಾಯಿಪಾಠ. “ಪ್ಯಾನೆಲ್ ಬಾಗಿಲು ಸದಾ ಮುಚ್ಚಿರಬೇಕು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?” ಎಂದು ಅಳಿಯನ ಮೇಲೆ ಹರಿಹಾಯ್ದು, ಬಾಗಿಲನ್ನು ಧಡಾರನೆ ಮುಚ್ಚಿದ.

ಲ್ಯಾಂಪು ಆರಿತು. ಅದರ ಹಿಂದೆಯೇ ಎಂಜಿನ್ ಎರಡು ಸಲ ಮುಲುಗಿ ನಿಂತಿತು.

“ನೋಡಿದ್ರಾ? ನೀರು ಬೆರೆಸಿದ್ದಾನೆ ಅಂತ ನಾನು ಹೇಳಿರ್ಲಿಲ್ವಾ!” ಸಾಹೇಬ ಗೆದ್ದವನ ಹಾಗೆ ಬೀಗಿದ.

ಮೇಸ್ತ್ರಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆರೆದರು, ಲ್ಯಾಂಪು ಹತ್ತಿತು. ಮುಚ್ಚಿದರು, ಆರಿತು. ಇನ್ನೊಂದು ಸಲ ತೆರೆದು ಮುಚ್ಚಿದರು. ಅವರ ಬಾಯಲ್ಲಿ ಸಿದ್ಧವಾಗಿದ್ದ ಕುಹಕ ಅಲ್ಲೇ ಒಣಗಿತು.

ಯಾವ ಮೆಕ್ಯಾನಿಕ್ಕೇ ಬರಲಿ, ಬಾಗಿಲು ತೆರೆದಿಟ್ಟೇ ಪರೀಕ್ಷೆ ಮಾಡುತ್ತಾನೆ. ಎಂಜಿನ್ ನಿಲ್ಲಿಸಿದ ಮೇಲೆ ಬಾಗಿಲು ಮುಚ್ಚಿ ಹೋಗುತ್ತಾನೆ. ಇವತ್ತು ಮೇಸ್ತ್ರಿಯೂ ಅದನ್ನೇ ಮಾಡಿದ್ದರು.

ಬಾಗಿಲನ್ನು ಮತ್ತೆ ತೆರೆದು, ಅದರ ಮೇಲಿದ್ದ, ಎಂಜಿನ್ ನಿಲ್ಲಿಸುವ ಸ್ಟಾಪ್ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಹೋಗುವ ವೈರನ್ನು ಬೆರಳಿಂದ ಸವರುತ್ತ ಕೀಲಿನವರೆಗೆ ಬಂದರು. ಅಲ್ಲಿ ವೈರು ಬಿಗಿಯಾಗಿ, ಒಂದಿಷ್ಟೂ ಸಡಿಲವಿಲ್ಲದೆ ಎಳೆದು ನಿಂತಿತ್ತು. ಬಾಗಿಲು ಮುಚ್ಚಿದಾಗಲೆಲ್ಲ ಎಳೆತ ತಿಂದು ತಿಂದು ಒಳಗಿನ ತಾಮ್ರ ತುಂಡಾಗಿತ್ತು. ಬಾಗಿಲು ತೆರೆದಿದ್ದರೆ ತುಂಡುಗಳು ತಾಗಿಕೊಂಡಿರುತ್ತಿದ್ದವು, ಮುಚ್ಚಿದರೆ ದೂರವಾಗುತ್ತಿದ್ದವು. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ತುದಿಯಲ್ಲಿ ಕೆಂಪು ದಾರ. ಮೂರು ಸುತ್ತು, ಒಂದು ಗಂಟು.

ಮೂರು ವರ್ಷದ ಹಿಂದೆ ಈ ಸ್ವಿಚ್ಚನ್ನು ಕೂರಿಸಿದ್ದು ಅವರೇ. ಇಷ್ಟು ನೀಟಾದ ವೈರಿಂಗು ಈ ಊರಲ್ಲೇ ಇಲ್ಲ ಎಂದು ಕೊಚ್ಚಿಕೊಂಡದ್ದೂ ನೆನಪಿತ್ತು.

ಮೊಳೆಯಲ್ಲಿದ್ದ ನೋಟ್‌ಬುಕ್ಕನ್ನು ತೆಗೆದು ಹಾಳೆ ಮಗುಚಿದರು. ನಾಲ್ಕು ತಿಂಗಳಲ್ಲಿ ಹದಿನಾಲ್ಕು ಸಲ, ದುಂಡು ಅಕ್ಷರದಲ್ಲಿ ಒಂದೇ ಸಾಲು: ಬಾಗಿಲು ಮುಚ್ಚಿತು, ಎಂಜಿನ್ ನಿಂತಿತು.

“ವೈರ್ ಯಾರದು ಅಂತ ಗೊತ್ತಿತ್ತಾ ನಿಂಗೆ?” ದನಿ ತಗ್ಗಿಸಿ ಕೇಳಿದರು.

“ದಾರ ನೋಡಿದ್ನಲ್ಲ ಮಾವ.”

“ಮತ್ತೆ ಬಾಯಿ ಬಿಡೋಕೇನಾಗಿತ್ತು?”

“ಅವತ್ತು ಊಟಕ್ಕೆ ಬಂದಿದ್ದೇ ಅದನ್ನ ಹೇಳೋಕೆ. ಬಾಗಿಲು ಅಂದ ಕೂಡ್ಲೇ ನೀವು ನಕ್ಕುಬಿಟ್ರಿ. ಇಲ್ಲಿ ಹೇಳಿದ್ರೆ ಇವರು ಊರೆಲ್ಲ ಸಾರ್ತಾರೆ, ನಿಮ್ಮ ಹೆಸರು ಹೋಗುತ್ತೆ ಅಂತ ಸುಮ್ನಿದ್ದೆ.”

ಮೇಸ್ತ್ರಿಗೆ ಆರು ವರ್ಷ ದಡ್ಡ, ದಡ್ಡ ಎಂದು ಆಡಿಕೊಂಡದ್ದೆಲ್ಲ ಒಟ್ಟಿಗೇ ನೆನಪಾಗಿ ನಾಚಿಕೆಯಾಯಿತು.

“ಅದೇನು ಗುಸುಗುಸು?” ಸಾಹೇಬ ಫೈಲು ಬಿಚ್ಚಿ ವರದಿಯ ಹಾಳೆ ಮುಂದೆ ಹಿಡಿದ. “ಕಾರಣ ಏನು ಅಂತ ಬರೀರಿ.”

ಅಳಿಯ ಹತ್ತಿರ ಸರಿದು ಪಿಸುಗುಟ್ಟಿದ. “ವೈರ್ ಇಲಿ ಕಡಿದಿದೆ ಅಂದ್ಬಿಡಿ ಮಾವ. ನನ್ನ ಕೆಲಸಾನೂ ಉಳಿಯುತ್ತೆ, ನಿಮ್ಮ ಹೆಸರೂ ಉಳಿಯುತ್ತೆ.”

ಅವನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಇಲಿಯಂತೆ ಇಲಿ!” ಮೇಸ್ತ್ರಿ ಗುಡುಗಿದರು. “ಮೂರು ಸುತ್ತು ಕೆಂಪು ದಾರ ಕಟ್ಟೋ ಇಲೀನ ಎಲ್ಲಾದ್ರೂ ನೋಡಿದ್ದೀಯೇನೋ? ಬರ್ಕೊಳ್ಳಿ ಸಾಹೇಬ್ರೇ, ನಾನು ಹೇಳ್ತೀನಿ, ರುಜುನೂ ಹಾಕ್ತೀನಿ. ಡೀಸೆಲ್‌ನಲ್ಲಿ ನೀರಿಲ್ಲ. ಆಪರೇಟರ್ ಕಳ್ಳ ಅಲ್ಲ. ಹದಿನಾಲ್ಕು ಸಲ ಬರೆದಿಟ್ಟಿದ್ದಾನೆ, ಓದೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ವೈರಿಂಗ್ ಮಾಡಿದವನು ಬಿಗಿ ಮೇಸ್ತ್ರಿ ಅನ್ನೋ ಒಬ್ಬ ಜಂಬದ ಕೋಳಿ. ಬಾಗಿಲು ಅಂದ್ರೆ ತೆರೆಯುತ್ತೆ, ಮುಚ್ಚುತ್ತೆ ಅನ್ನೋದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ!”

ಸಾಹೇಬ ಒಮ್ಮೆ ಮೇಸ್ತ್ರಿಯ ಮುಖ ನೋಡಿದ, ಒಮ್ಮೆ ದಾರ ನೋಡಿದ. ಟೈಪಾದ ಪತ್ರವನ್ನು ಫೈಲಿನೊಳಗೆ ಇನ್ನೂ ಆಳಕ್ಕೆ ತುರುಕಿದ. ಸೂಚನಾ ಫಲಕದ ಧೂಳು ಒರೆಸುವವನ ಹಾಗೆ ನಟಿಸಿ ಹೊರಗೆ ಹೋದ.

ಮೇಸ್ತ್ರಿ ಕತ್ತರಿಯಿಂದ ಕೆಂಪು ದಾರವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಚೀಲದಿಂದ ಹೊಸ ವೈರಿನ ಸುರುಳಿ ತೆಗೆದು, ತುದಿಯನ್ನು ಸ್ವಿಚ್ಚಿನ ಹತ್ತಿರ ಹಿಡಿದು ನಿಂತರು. ಎಂದಿನಂತೆ ಅಳತೆ ಹಿಡಿಯಲು ಕೈ ಏಳಲಿಲ್ಲ. ಸುರುಳಿಯನ್ನೂ ಕತ್ತರಿಯನ್ನೂ ಅಳಿಯನ ಕೈಗೆ ಕೊಟ್ಟರು.

“ಎಷ್ಟುದ್ದ ಬಿಡ್ಲಿ ಮಾವ?”

“ನಂಗೇನು ಗೊತ್ತು? ನೀನೇ ಹೇಳಪ್ಪ” ಎಂದರು ಮೇಸ್ತ್ರಿ.